ಸಂಪಿನ ಮೋಟರಿನಿಂದ ಆರಂಭಿಸಿ

ಪ್ರಶ್ನೆ: ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಮುಗಿಸಿ ಹದಿನೈದು ವರ್ಷಗಳಿಂದ ಕಟ್ಟಡಗಳ ವೈರಿಂಗ್ ಗುತ್ತಿಗೆ ಮಾಡುತ್ತಿದ್ದೇನೆ. ಈಗ ಎಂಬೆಡೆಡ್ ಸಿಸ್ಟಮ್‌ಗಳ ವಿನ್ಯಾಸ ಕಲಿಯಬೇಕೆಂಬ ಆಸೆ. ಬಿಟಿಎಂ ಲೇಔಟಿನ ತರಬೇತಿ ಕೇಂದ್ರಗಳಲ್ಲಿ ವಿಚಾರಿಸಿದರೆ ಒಬ್ಬೊಬ್ಬರು ಒಂದೊಂದು ಬೋರ್ಡಿನ ಹೆಸರು ಹೇಳುತ್ತಾರೆ. ಬೋರ್ಡು ಬದಲಾದರೂ ಬದಲಾಗದ ಮೂಲತತ್ವಗಳು ಅಂತ ಇವೆಯೇ? ಇದ್ದರೆ ಕಲಿಯುವುದು ಎಲ್ಲಿಂದ?
— ಓದುಗರೊಬ್ಬರು, ಬನಶಂಕರಿ ಎರಡನೇ ಹಂತ

ಉತ್ತರ: ಇವೆ. 1980ರಲ್ಲಿ ಇಂಟೆಲ್ ಹೊರತಂದ 8051 ಚಿಪ್ ಹಿಡಿದು ಕಲಿತವರಿಗೂ, 2005ರಲ್ಲಿ ಇಟಲಿಯಲ್ಲಿ ಹುಟ್ಟಿದ ಆರ್ಡುಯಿನೊದಿಂದ ಶುರು ಮಾಡಿದವರಿಗೂ, ಈಗ ಇಎಸ್‌ಪಿ32 ಕೊಂಡವರಿಗೂ ಎದುರಾಗುವ ಕಷ್ಟಗಳು ಅವವೇ. ಮೆಮೊರಿ ಕಡಿಮೆ. ಸಮಯ ಕಡಿಮೆ. ಕರೆಂಟನ್ನು ನಂಬುವ ಹಾಗಿಲ್ಲ. ಸೆನ್ಸರ್ ಆಗಾಗ ಸುಳ್ಳು ಹೇಳುತ್ತದೆ. ಕೆಟ್ಟಾಗ ಹತ್ತಿರದಲ್ಲಿ ಯಾರೂ ಇರುವುದಿಲ್ಲ. ಎಲ್ಲ ಸರಿಯಿದ್ದಾಗ ಓಡುವ ಯಂತ್ರವನ್ನು ಒಂದು ಭಾನುವಾರದಲ್ಲಿ ಕಟ್ಟಬಹುದು. ಏನಾದರೂ ಕೈಕೊಟ್ಟಾಗ ಅದು ಏನು ಮಾಡಬೇಕೆಂದು ಮೊದಲೇ ತೀರ್ಮಾನಿಸಿ ಕಟ್ಟುವುದೇ ವಿನ್ಯಾಸ. ನೀವು ಕೇಳಿದ ಮೂಲತತ್ವಗಳೆಲ್ಲ ಈ ಒಂದು ಮಾತಿನ ಕವಲುಗಳು ಎಂದು ನಾನು ನಂಬಿದ್ದೇನೆ.

ಈ ಮಾತಿನ ಒಂದು ಪಾಠ ನಿಮಗೆ ಈಗಾಗಲೇ ಬರುತ್ತದೆ. ಕರೆಂಟು ಹೋಗಿ ಬಂದಾಗ ಡಿಒಎಲ್ ಸ್ಟಾರ್ಟರ್ ತಾನಾಗಿ ಮೋಟರ್ ಶುರು ಮಾಡುವುದಿಲ್ಲ. ಕಾಯಿಲ್ ಬಿಟ್ಟುಕೊಂಡಿರುತ್ತದೆ, ಯಾರಾದರೂ ಬಂದು ಹಸಿರು ಬಟನ್ ಒತ್ತಬೇಕು. ಕತ್ತಲಾಗಿದ್ದ ಹೊತ್ತಿನಲ್ಲಿ ಯಾರೋ ಪಂಪಿಗೆ ಕೈ ಹಾಕಿರಬಹುದು ಎಂದು ಆಲೋಚಿಸಿ ಹಳೆಯ ಎಂಜಿನಿಯರುಗಳು ಒಂದು ಸಾಲಿನ ಪ್ರೋಗ್ರಾಮೂ ಇಲ್ಲದೆ ಮಾಡಿದ ವ್ಯವಸ್ಥೆ ಅದು. ಎಂಬೆಡೆಡ್ ವಿನ್ಯಾಸಕಾರ ಮಾಡುವುದೂ ಇದನ್ನೇ, ಇನ್ನೂ ನೂರು ಸಂದರ್ಭಗಳಿಗೆ.

ಆದ್ದರಿಂದ ನಿಮ್ಮ ಮೊದಲ ಯಂತ್ರ ಸಂಪಿನ ಮೋಟರಿನ ಕಂಟ್ರೋಲರ್ ಆಗಲಿ. ಟಿ.ಕೆ. ಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಎತ್ತಿ ಎತ್ತಿ ಬೆಂಗಳೂರಿಗೆ ತಂದ ಕಾವೇರಿ ನೀರು ಜಯನಗರ, ಬನಶಂಕರಿಗಳ ಮನೆಯ ಸಂಪಿಗೆ ಬೀಳುತ್ತದೆ. ಅಲ್ಲಿಂದ ತಾರಸಿಯ ಟ್ಯಾಂಕಿಗೆ ಏರಿಸುವುದು ಮನೆಯ ಮೋಟರಿನ ಕೆಲಸ. ಟ್ಯಾಂಕ್ ತುಂಬಿದಾಗ ನಿಲ್ಲಬೇಕು, ಸಂಪು ಬರಿದಾದಾಗಲೂ ನಿಲ್ಲಬೇಕು. ಕೇಳಲು ಎರಡೇ ನಿಯಮ. ಮಾರುಕಟ್ಟೆಯಲ್ಲಿ ಸಿದ್ಧ ಪೆಟ್ಟಿಗೆಗಳು ಬೇಕಾದಷ್ಟು ಸಿಗುತ್ತವೆ, ಆದರೂ ನೀವೇ ಕಟ್ಟಿ. ಪಠ್ಯಪುಸ್ತಕದ ಬಹುತೇಕ ಅಧ್ಯಾಯಗಳು ಈ ಎರಡು ನಿಯಮಗಳ ಸುತ್ತಲೇ ತೆರೆದುಕೊಳ್ಳುತ್ತವೆ.

ಮೊದಲು ನೀರು ಎಷ್ಟಿದೆ ಎಂದು ತಿಳಿಯುವ ಪ್ರಶ್ನೆ. ಟ್ಯಾಂಕಿನೊಳಗೆ ಎರಡು ಸ್ಟೀಲ್ ಕಡ್ಡಿ ಇಳಿಬಿಟ್ಟು, ಅವುಗಳ ನಡುವೆ ಸಣ್ಣ ಡಿಸಿ ವೋಲ್ಟೇಜ್ ಕೊಟ್ಟರೆ ನೀರು ಮುಟ್ಟಿದಾಗ ಕರೆಂಟು ಹರಿಯುತ್ತದೆ. ಮೇಜಿನ ಮೇಲೆ, ಒಂದು ಲೋಟ ನೀರಿನಲ್ಲಿ, ಚೆನ್ನಾಗಿಯೇ ನಡೆಯುತ್ತದೆ. ತಾರಸಿಯಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಒಂದೇ ದಿಕ್ಕಿನ ಕರೆಂಟು ಒಂದು ಕಡ್ಡಿಯನ್ನು ತಿನ್ನುತ್ತಾ ಹೋಗುತ್ತದೆ, ಬೋರ್‌ವೆಲ್ ನೀರು ಬೆರೆತಿದ್ದರೆ ಸುಣ್ಣದ ಪದರ ಕೂರುತ್ತದೆ, ಕೊನೆಗೆ ನೀರಿದ್ದರೂ ಸೆನ್ಸರ್ ಇಲ್ಲವೆನ್ನುತ್ತದೆ. ದಾರಿಯಿದೆ: ಓದುವ ಕೆಲವೇ ಮಿಲಿಸೆಕೆಂಡು ಮಾತ್ರ ವೋಲ್ಟೇಜ್ ಕೊಡಿ, ಪ್ರತಿ ಸಲವೂ ದಿಕ್ಕು ತಿರುಗಿಸಿ. ತಂತಿಯೇ ತುಂಡಾದರೆ? ‘ಟ್ಯಾಂಕ್ ಖಾಲಿ’ ಎನ್ನುವುದಕ್ಕೂ ‘ತಂತಿ ಕಿತ್ತಿದೆ’ ಎನ್ನುವುದಕ್ಕೂ ಒಂದೇ ಸಂಕೇತ ಬರುವ ಹಾಗೆ ಕಟ್ಟಿದ್ದರೆ, ಇಲಿ ಕಡಿದ ದಿನ ಮೋಟರ್ ನಿಲ್ಲದೆ ಓಡುತ್ತದೆ, ಕಾವೇರಿ ನೀರು ಓವರ್‌ಫ್ಲೋ ಪೈಪಿನಿಂದ ಚರಂಡಿಗೆ ಹೋಗುತ್ತದೆ. ಫ್ಲೋಟ್ ಸ್ವಿಚ್ಚನ್ನು ತುಂಬಿದಾಗ ತೆರೆದುಕೊಳ್ಳುವ ಬಗೆಯಲ್ಲಿ ಜೋಡಿಸಿದರೆ, ತಂತಿ ತುಂಡಾದಾಗಲೂ ಯಂತ್ರ ‘ತುಂಬಿದೆ’ ಎಂದೇ ತಿಳಿದು ನಿಲ್ಲುತ್ತದೆ. ಖರ್ಚು ಒಂದು ಪೈಸೆಯೂ ಹೆಚ್ಚಲ್ಲ. ಕೆಟ್ಟರೂ ಕೇಡಾಗದ ಕಡೆಗೇ ಕೆಡಲಿ ಎಂಬ ಈ ತತ್ವವನ್ನು ರೈಲ್ವೆ ಸಿಗ್ನಲಿನವರು ಕಂಪ್ಯೂಟರ್ ಹುಟ್ಟುವ ಮೊದಲೇ ಪಾಲಿಸುತ್ತಿದ್ದರು. ಆರ್.ವಿ. ರೋಡಿನಿಂದ ಬೊಮ್ಮಸಂದ್ರಕ್ಕೆ 2025ರ ಆಗಸ್ಟಿನಲ್ಲಿ ಶುರುವಾದ ಮೆಟ್ರೊ ಹಳದಿ ಮಾರ್ಗದ ರೈಲುಗಳು ಚಾಲಕರಿಲ್ಲದೆ ಓಡಬಲ್ಲ ಹಾಗೆ ತಯಾರಾದವು. ಅಂಥ ವ್ಯವಸ್ಥೆಗಳಲ್ಲೂ ರೈಲಿಗೆ ಬರಬೇಕಾದ ರೇಡಿಯೊ ಸಂದೇಶ ನಿಂತುಹೋದರೆ ರೈಲು ನಿಲ್ಲುವ ಹಾಗೆಯೇ ಕಟ್ಟಿರುತ್ತಾರೆ.

ನೀರು ಬೀಳುವಾಗ ಟ್ಯಾಂಕಿನಲ್ಲಿ ಅಲೆ ಏಳುತ್ತದೆ, ಫ್ಲೋಟ್ ಮೇಲೆ ಕೆಳಗೆ ಕುಣಿಯುತ್ತದೆ. ಒಂದೇ ಮಟ್ಟ ನೋಡಿ ಶುರು ಮಾಡುವ, ಅದೇ ಮಟ್ಟ ನೋಡಿ ನಿಲ್ಲಿಸುವ ಪ್ರೋಗ್ರಾಮ್ ಕಂಟ್ಯಾಕ್ಟರನ್ನು ಕಟಕಟ ಎನಿಸುತ್ತಲೇ ಇರುತ್ತದೆ. ಶುರುವಿಗೆ ಒಂದು ಮಟ್ಟ, ನಿಲ್ಲಿಸಲು ಅದಕ್ಕಿಂತ ಮೇಲಿನ ಇನ್ನೊಂದು ಮಟ್ಟ ಇರಲಿ. ಸೆನ್ಸರ್ ಹೇಳಿದ್ದನ್ನು ಕೆಲವು ಸೆಕೆಂಡು ಸತತವಾಗಿ ಕೇಳಿದ ಮೇಲಷ್ಟೇ ಯಂತ್ರ ನಂಬಲಿ.

ಇನ್ನು ಕರೆಂಟು. ಶುರುವಾಗುವ ಕ್ಷಣದಲ್ಲಿ ಮೋಟರ್ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುವುದು ನಿಮಗೆ ಗೊತ್ತೇ ಇದೆ. ಅದೇ ಲೈನಿನಿಂದ ಚಿಪ್ಪಿಗೂ ವಿದ್ಯುತ್ ಬರುತ್ತಿದ್ದರೆ ವೋಲ್ಟೇಜ್ ಕುಸಿದು ಚಿಪ್ ರೀಸೆಟ್ ಆಗುತ್ತದೆ. ರೀಸೆಟ್ ಆದಾಗ ರಿಲೇ ಬಿಡುತ್ತದೆ, ಮೋಟರ್ ನಿಲ್ಲುತ್ತದೆ, ವೋಲ್ಟೇಜ್ ಮೇಲೇರುತ್ತದೆ, ಚಿಪ್ ಎದ್ದು ‘ಟ್ಯಾಂಕ್ ಖಾಲಿ’ ಎಂದು ಮತ್ತೆ ಮೋಟರ್ ಹಾಕುತ್ತದೆ. ಈ ಸುತ್ತು ಮೋಟರ್ ಸುಡುವ ತನಕ ನಡೆಯಬಹುದು. ಪ್ರೋಗ್ರಾಮಿನ ಒಂದೊಂದು ಸಾಲೂ ಸರಿಯಾಗಿಯೇ ಇರುತ್ತದೆ! ಹಾರ್ಡ್‌ವೇರನ್ನೂ ಸಾಫ್ಟ್‌ವೇರನ್ನೂ ಒಟ್ಟಿಗೆ ಯೋಚಿಸಬೇಕು ಎಂದು ಪುಸ್ತಕಗಳು ಮತ್ತೆ ಮತ್ತೆ ಹೇಳುವುದು ಇದಕ್ಕೇ. ಚಿಪ್ಪಿನ ವಿದ್ಯುತ್ ಸರಬರಾಜಿಗೆ ತಕ್ಕ ಕೆಪಾಸಿಟರ್ ಇಡುವುದು, ವೋಲ್ಟೇಜ್ ತಗ್ಗಿದಾಗ ಚಿಪ್ಪನ್ನು ಅಂದಾದುಂದಿಯಾಗಿ ಓಡಲು ಬಿಡದ ಬ್ರೌನ್‌ಔಟ್ ಸೌಲಭ್ಯವನ್ನು ಸರಿಯಾದ ಮಟ್ಟಕ್ಕೆ ಹೊಂದಿಸುವುದು, ಎದ್ದ ತಕ್ಷಣ ಮೋಟರ್ ಹಾಕದೆ ಕೆಲವು ನಿಮಿಷ ಕಾಯುವುದು, ಇವು ಮೂರೂ ಸೇರಿದರೆ ಈ ಸುತ್ತು ಮುರಿಯುತ್ತದೆ.

ರಿಲೇಯ ಕಂಟ್ಯಾಕ್ಟು ಬೆಸೆದುಕೊಂಡ ದಿನವನ್ನೂ ಯೋಚಿಸಿ. ಪ್ರೋಗ್ರಾಮ್ ‘ಆಫ್’ ಎನ್ನುತ್ತದೆ, ಮೋಟರ್ ಓಡುತ್ತಲೇ ಇದೆ. ಆಜ್ಞೆ ಕೊಟ್ಟ ಮಾತ್ರಕ್ಕೆ ಕೆಲಸ ಆಯಿತೆಂದು ಯಂತ್ರ ತಿಳಿಯಬಾರದು. ಮೋಟರ್ ತಂತಿಗೆ ಒಂದು ಕರೆಂಟ್ ಸೆನ್ಸರ್ ಹಾಕಿದರೆ ನಿಜವಾಗಿ ನಿಂತಿದೆಯೇ ಎಂದು ಗೊತ್ತಾಗುತ್ತದೆ. ನೀರಿಲ್ಲದೆ ಓಡುವ ಪಂಪು ಎಳೆಯುವ ಕರೆಂಟು ಕಡಿಮೆ ಇರುವುದರಿಂದ ಡ್ರೈ ರನ್ ಕೂಡ ಅದೇ ಸೆನ್ಸರಿನಲ್ಲಿ ಸಿಗುತ್ತದೆ. ಆದರೆ ರಿಲೇ ಬೆಸೆದಿದೆ ಎಂದು ತಿಳಿದರೆ ಸಾಲದು, ನಿಲ್ಲಿಸಲು ಇನ್ನೊಂದು ಕೈ ಬೇಕು. ಅದಕ್ಕಾಗಿ ಪ್ರೋಗ್ರಾಮಿಗೆ ಸಂಬಂಧವೇ ಇಲ್ಲದ ಇನ್ನೊಂದು ಫ್ಲೋಟನ್ನು ಕಂಟ್ಯಾಕ್ಟರ್ ಕಾಯಿಲಿನ ಸಾಲಿನಲ್ಲೇ ಹಾಕಿಡಿ, ಚಿಪ್ ಪೂರ್ತಿ ಹಾಳಾದರೂ ಅದು ಮೋಟರ್ ನಿಲ್ಲಿಸಲಿ. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಥೆರಾಕ್-25 ಎಂಬ ಕ್ಯಾನ್ಸರ್ ವಿಕಿರಣ ಯಂತ್ರ ಆರು ರೋಗಿಗಳಿಗೆ ಭಾರೀ ಪ್ರಮಾಣದ ವಿಕಿರಣ ಹಾಯಿಸಿತು, ಕೆಲವರು ಸತ್ತರು. ಹಿಂದಿನ ಮಾದರಿಗಳಲ್ಲಿದ್ದ ಹಾರ್ಡ್‌ವೇರ್ ತಡೆಗಳನ್ನು ತೆಗೆದು ಎಲ್ಲವನ್ನೂ ಸಾಫ್ಟ್‌ವೇರಿಗೆ ಒಪ್ಪಿಸಿದ್ದು ಅದರ ಮುಖ್ಯ ಕಾರಣಗಳಲ್ಲೊಂದು. ಈ ವಿಷಯದ ಓದಿನಲ್ಲಿ ನನ್ನ ಮನಸ್ಸನ್ನು ಅಷ್ಟು ಕಲಕಿದ ಪ್ರಕರಣ ಇನ್ನೊಂದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಎಂಬೆಡೆಡ್ ಕಲಿಕೆಯಲ್ಲಿ ಬೇಕಾಗುವ ಗಣಿತ ಹೆಚ್ಚಿನ ಸಲ ಭಾಗಾಕಾರ, ಗುಣಾಕಾರ. ಆದರೆ ಅದನ್ನು ಮಾಡದೆ ಬಿಡುವಂತಿಲ್ಲ. ಆರ್ಡುಯಿನೊ ಊನೊದಲ್ಲಿರುವ ಎಟಿಮೆಗಾ328ಪಿ ಚಿಪ್ಪಿನಲ್ಲಿ ಪ್ರೋಗ್ರಾಮಿಗೆ 32 ಕಿಲೋಬೈಟ್ ಜಾಗ, ಓಡುವಾಗ ಬಳಸಲು ಬರೀ 2 ಕಿಲೋಬೈಟ್. ಕರೆಂಟು ಹೋದರೂ ಉಳಿಯುವ ಸಣ್ಣ ಮೆಮೊರಿಯನ್ನು ಸುಮಾರು 1 ಲಕ್ಷ ಸಲ ಬರೆಯಬಹುದೆಂದು ಡೇಟಾಶೀಟ್ ಹೇಳುತ್ತದೆ. ಲಕ್ಷ ಎಂದರೆ ಬಹಳವಲ್ಲವೇ ಎನಿಸುತ್ತದೆ. ಮೋಟರ್ ಸ್ಥಿತಿಯನ್ನು ಒಂದೇ ಜಾಗದಲ್ಲಿ ಸೆಕೆಂಡಿಗೊಮ್ಮೆ ಬರೆದರೆ 28 ಗಂಟೆಯೊಳಗೆ ಆ ಲಕ್ಷ ಮುಗಿಯುತ್ತದೆ. ಸ್ಥಿತಿ ಬದಲಾದಾಗ ಮಾತ್ರ ಬರೆದರೆ, ದಿನಕ್ಕೆ ಹತ್ತು ಸಲ ಎಂದುಕೊಂಡರೂ, ಇಪ್ಪತ್ತೇಳು ವರ್ಷಕ್ಕಿಂತ ಹೆಚ್ಚು ಕಾಲ ಬಾಳುತ್ತದೆ.

ಅದೇ ಆರ್ಡುಯಿನೊ ತಾನು ಎದ್ದಾಗಿನಿಂದ ಎಷ್ಟು ಮಿಲಿಸೆಕೆಂಡು ಆಯಿತೆಂದು 32 ಬಿಟ್‌ಗಳಲ್ಲಿ ಎಣಿಸುತ್ತದೆ. ಆ ಎಣಿಕೆ 49 ದಿನ 17 ಗಂಟೆಗೆ ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ‘ಈಗಿನ ಸಮಯ ನಿಲ್ಲಿಸುವ ಸಮಯಕ್ಕಿಂತ ದೊಡ್ಡದಾದಾಗ ನಿಲ್ಲಿಸು’ ಎಂದು ಬರೆದ ಪ್ರೋಗ್ರಾಮ್ ಏಳು ವಾರ ಸೊಗಸಾಗಿ ನಡೆದು ಐವತ್ತನೇ ದಿನ ಕೈಕೊಡುತ್ತದೆ. ‘ಶುರುವಾದಾಗಿನಿಂದ ಎಷ್ಟು ಕಳೆಯಿತು’ ಎಂದು ಕಳೆದು ನೋಡುವಂತೆ ಬರೆದರೆ ಎಣಿಕೆ ಸುತ್ತು ಹೊಡೆದರೂ ಉತ್ತರ ಸರಿಯಾಗಿಯೇ ಬರುತ್ತದೆ. ಕಲಿಯುವವರ ಬೋರ್ಡಿಗೆ ಮಾತ್ರ ಬರುವ ಕಾಯಿಲೆ ಇದು ಎಂದುಕೊಳ್ಳಬೇಡಿ. ಬೋಯಿಂಗ್ 787 ವಿಮಾನವನ್ನು ಸತತವಾಗಿ 248 ದಿನ ಆಫ್ ಮಾಡದೆ ಇಟ್ಟರೆ ಅದರ ಜನರೇಟರ್ ನಿಯಂತ್ರಕಗಳೆಲ್ಲ ಒಟ್ಟಿಗೆ ನಿಂತುಹೋಗಬಹುದೆಂದು 2015ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಎಚ್ಚರಿಸಿ, ಆಗಾಗ ಆಫ್ ಮಾಡಿ ಹಾಕುವಂತೆ ಆದೇಶಿಸಿತು. ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ 31 ಬಿಟ್‌ಗಳು ತುಂಬಲು ಬೇಕಾಗುವ ಕಾಲವೂ ಹೆಚ್ಚುಕಡಿಮೆ ಅಷ್ಟೇ.

ಬ್ಯಾಟರಿ ಲೆಕ್ಕವೂ ಹೀಗೆಯೇ. ತಾರಸಿಯ ಸೆನ್ಸರಿಗೆ ತಂತಿ ಎಳೆಯುವುದು ಬೇಡವೆಂದು ಇಎಸ್‌ಪಿ32 ಹಾಕಿ ವೈಫೈಯಲ್ಲಿ ಸುದ್ದಿ ಕಳಿಸಬಹುದು. ವೈಫೈ ಸದಾ ಓಡುತ್ತಾ 100 ಮಿಲಿಆಂಪಿಯರ್ ಎಳೆದರೆ 2000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ 20 ಗಂಟೆಗೆ ಮುಗಿಯಿತು. ಹತ್ತು ನಿಮಿಷಕ್ಕೊಮ್ಮೆ ಎದ್ದು, ಮೂರು ಸೆಕೆಂಡು ಮಾತಾಡಿ, ಉಳಿದ ಹೊತ್ತು ಮಲಗಿದರೆ ಸರಾಸರಿ ಅರ್ಧ ಮಿಲಿಆಂಪಿಯರ್. ಅದೇ ಬ್ಯಾಟರಿ ಲೆಕ್ಕದಲ್ಲಿ ಐದೂವರೆ ತಿಂಗಳು ಬರುತ್ತದೆ. (ಕಲಿಕೆಯ ಬೋರ್ಡುಗಳ ಮೇಲಿನ ಸಣ್ಣ ದೀಪ ಮತ್ತು ರೆಗ್ಯುಲೇಟರ್ ಈ ಲೆಕ್ಕವನ್ನು ಕೆಡಿಸುತ್ತವೆ, ಬ್ಯಾಟರಿಯಲ್ಲಿ ಓಡಿಸುವುದಾದರೆ ಅವಿಲ್ಲದ ಬೋರ್ಡು ಹುಡುಕಿ.) ಹತ್ತು ನಿಮಿಷಕ್ಕೊಮ್ಮೆ ಮಾತ್ರ ಮಾತಾಡುವ ಸೆನ್ಸರನ್ನು ನಂಬಿ ಮೋಟರ್ ನಿಲ್ಲಿಸಲು ಸಾಧ್ಯವೇ? ಇಲ್ಲ, ಅಷ್ಟರಲ್ಲಿ ಟ್ಯಾಂಕ್ ಉಕ್ಕಿರುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಎಷ್ಟು ಬಿಟ್ಟುಕೊಡುವುದು ಎಂಬ ಈ ತೂಕದ ಕೆಲಸದಲ್ಲೇ ವಿನ್ಯಾಸಕಾರನ ಬಹುಪಾಲು ದಿನ ಕಳೆಯುತ್ತದೆ.

ಮೋಟರ್ ನಿಲ್ಲಲು ಒಂದು ಸೆಕೆಂಡು ತಡವಾದರೆ ಯಾರಿಗೂ ನಷ್ಟವಿಲ್ಲ. ಎಲ್ಲ ಕಡೆ ಹಾಗಲ್ಲ, ವಾಹನದ ಎಂಜಿನ್ ನೋಡಿ. ಆಡುಗೋಡಿಯ ಮೈಕೋ, ಅಂದರೆ ಈಗಿನ ಬಾಷ್, ದಶಕಗಳ ಕಾಲ ಸ್ಪಾರ್ಕ್ ಪ್ಲಗ್ಗು, ಡೀಸೆಲ್ ಪಂಪು ಮಾಡಿದ ಕಾರ್ಖಾನೆ. ಇಂಧನವನ್ನು ಅಳೆದು ಕೊಡುವ ಕೆಲಸ ಅಂಥ ಯಾಂತ್ರಿಕ ಪಂಪುಗಳಿಂದ, ಕಾರ್ಬುರೇಟರುಗಳಿಂದ ಕ್ರಮೇಣ ಕಂಪ್ಯೂಟರಿನ ಕೈಗೆ ಬಂತು. 2020ರ ಏಪ್ರಿಲಿನಿಂದ ಬಿಎಸ್-6 ನಿಯಮ ಬಂದ ಮೇಲೆ ಜಯನಗರದ ರಸ್ತೆಯ ಸ್ಕೂಟರುಗಳಲ್ಲೂ ಸಾಮಾನ್ಯವಾಗಿ ಇಂಥದ್ದೊಂದು ಪೆಟ್ಟಿಗೆ ಕೂತಿದೆ. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್ ಒಂದು ಡಿಗ್ರಿ ಸರಿಯಲು ತೆಗೆದುಕೊಳ್ಳುವುದು ಸುಮಾರು 28 ಮೈಕ್ರೊಸೆಕೆಂಡು. ಸೆಕೆಂಡಿಗೆ 1.6 ಕೋಟಿ ಸಲ ಮಿಡಿಯುವ ನಿಮ್ಮ ಆರ್ಡುಯಿನೊ ಅಷ್ಟರಲ್ಲಿ ಸುಮಾರು 450 ಮಿಡಿತ ಮಿಡಿದಿರುತ್ತದೆ, ಅಷ್ಟೇ. ಕಿಡಿ ಯಾವಾಗ ಹಚ್ಚಬೇಕೆಂಬ ಲೆಕ್ಕದ ಉತ್ತರ ಸರಿಯಾಗಿದ್ದರೆ ಸಾಲದು, ಸರಿಯಾದ ಹೊತ್ತಿಗೂ ಬರಬೇಕು. ತಡವಾಗಿ ಬಂದ ಸರಿಯುತ್ತರ ಇಲ್ಲಿ ತಪ್ಪುತ್ತರವೇ. ಹಲವು ಕೆಲಸಗಳಿಗೆ ಒಂದೇ ಚಿಪ್ ಇದ್ದಾಗ ಎಲ್ಲವೂ ಹೊತ್ತಿಗೆ ಮುಗಿಯುವುದೆಂದು ಖಾತ್ರಿ ಕೊಡಬಹುದೇ ಎಂಬ ಪ್ರಶ್ನೆಗೆ 1973ರಲ್ಲಿ ಲಿಯು ಮತ್ತು ಲೇಲ್ಯಾಂಡ್ ಎಂಬ ಇಬ್ಬರು ಗಣಿತದಿಂದ ಉತ್ತರ ಕೊಟ್ಟರು: ಒಂದಕ್ಕೊಂದು ಕಾಯಬೇಕಿಲ್ಲದ, ನಿಗದಿತ ಅವಧಿಗೊಮ್ಮೆ ಮರಳುವ ಕೆಲಸಗಳಿದ್ದು, ಬೇಗ ಬೇಗ ಮರಳುವುದಕ್ಕೆ ಹೆಚ್ಚು ಆದ್ಯತೆ ಕೊಟ್ಟು, ಚಿಪ್ಪಿನ ಸಮಯದ ಸುಮಾರು ಶೇಕಡಾ 69ರೊಳಗೆ ಹೊರೆಯಿಟ್ಟರೆ ಯಾವ ಕೆಲಸವೂ ತಡವಾಗದು. ಐವತ್ತು ವರ್ಷ ದಾಟಿದರೂ ಆ ಲೆಕ್ಕ ಹಾಗೇ ನಿಂತಿದೆ. ಬೋರ್ಡು ಬದಲಾದರೂ ಬದಲಾಗದ್ದು ಎಂದಿರಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ವಿನ್ಯಾಸ ಶುರುವಾಗುವುದು ಚಿಪ್ಪಿನಿಂದಲ್ಲ, ಬಳಸುವವರಿಂದ ಎಂಬುದಕ್ಕೆ ನಮ್ಮ ಊರಿನದೇ ಒಂದು ಕಥೆ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರಿನ ವಿನಯ್ ದೇಶಪಾಂಡೆ ಮೊದಲಾದವರು ಸೇರಿ 2001ರಲ್ಲಿ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರನ್ನು ಜನರ ಮುಂದಿಟ್ಟರು. ಓದಲು ಬಾರದವರೂ ಬಳಸಬೇಕು ಎಂದು ಕೀಬೋರ್ಡು ಬಿಟ್ಟು ಪರದೆ ಮುಟ್ಟುವ ಕಡ್ಡಿ ಕೊಟ್ಟರು, ಕನ್ನಡದಂಥ ಭಾಷೆಗಳಲ್ಲಿ ಓದಿ ಹೇಳುವ ತಂತ್ರಾಂಶಕ್ಕೆ ಕೈಹಾಕಿದರು. ಹಳ್ಳಿಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೊಳ್ಳಲಾಗದು, ಹತ್ತು ಜನ ಹಂಚಿಕೊಳ್ಳಬೇಕು ಎಂದು ಸ್ಮಾರ್ಟ್‌ಕಾರ್ಡ್ ತೂರಿಸುವ ಜಾಗ ಇಟ್ಟರು. ಅವರವರ ಮಾಹಿತಿ ಅವರವರ ಕಾರ್ಡಿನಲ್ಲಿ. ಕರೆಂಟಿಲ್ಲದ ಕಡೆಗೂ ಆಗಲಿ ಎಂದು ಸಣ್ಣ ಬ್ಯಾಟರಿ ಸೆಲ್ಲುಗಳಲ್ಲಿ ಓಡುವಂತೆ ಮಾಡಿದರು. ಭಾರತ್ ಎಲೆಕ್ಟ್ರಾನಿಕ್ಸ್ 2004ರಲ್ಲಿ ಅದರ ‘ಅಮಿಡಾ’ ಮಾದರಿಯನ್ನು ತಯಾರಿಸಿ ತಂದಿತು. ಮಾರಾಟ ನಿರೀಕ್ಷೆಯಷ್ಟು ಆಗಲಿಲ್ಲ. ಆದರೂ ವಿನ್ಯಾಸ ಕಲಿಯುವವರು ಸಿಂಪ್ಯೂಟರನ್ನು ಓದಲೇಬೇಕು ಎನ್ನುತ್ತೇನೆ, ಅದರ ಒಂದೊಂದು ಭಾಗದ ಹಿಂದೆಯೂ ಒಬ್ಬ ಬಳಕೆದಾರನ ಅಗತ್ಯ ಕಾಣುತ್ತದೆ. ನೀವೂ ಬೋರ್ಡು ಕೊಳ್ಳುವ ಮೊದಲು ಒಂದು ಹಾಳೆಯಲ್ಲಿ ಬರೆಯಿರಿ: ಮನೆಯಲ್ಲಿ ಇದನ್ನು ಯಾರು ಬಳಸುತ್ತಾರೆ, ಕೆಟ್ಟರೆ ಅವರು ಏನು ಮಾಡಬಲ್ಲರು, ಮಳೆ ಬಿದ್ದರೆ ಏನು. ಆಮೇಲೆ ಯಂತ್ರ ಇರಬಹುದಾದ ಸ್ಥಿತಿಗಳನ್ನು, ಸುಮ್ಮನಿದೆ, ಓಡುತ್ತಿದೆ, ಕಾಯುತ್ತಿದೆ, ದೋಷ ಬಂದಿದೆ ಎಂದು, ವೃತ್ತಗಳಲ್ಲಿ ಬರೆದು ಒಂದರಿಂದ ಇನ್ನೊಂದಕ್ಕೆ ಹೋಗುವ ಬಾಣಗಳನ್ನು ಎಳೆಯಿರಿ. ಪ್ರೋಗ್ರಾಮ್ ಆ ಚಿತ್ರದ ನಕಲಾಗಬೇಕು.

ಓದಿನ ವಿಷಯ ಬೇಗ ಹೇಳಿಬಿಡುತ್ತೇನೆ. ಸಿ ಭಾಷೆ ಬೇಕೇ ಬೇಕು. ಅದರಲ್ಲೂ ಬಿಟ್‌ಗಳ ಆಟ ಮತ್ತು ಪಾಯಿಂಟರ್. ಮೊದಲ ಚಿಪ್ಪಿನ ಡೇಟಾಶೀಟಿನಲ್ಲಿ ಟೈಮರ್, ಇಂಟರಪ್ಟ್, ವಾಚ್‌ಡಾಗ್ (ಸಿಕ್ಕಿಕೊಂಡ ಪ್ರೋಗ್ರಾಮನ್ನು ರೀಸೆಟ್ ಮಾಡಿ ಎಬ್ಬಿಸುವ ಕಾವಲು ಟೈಮರ್) ಅಧ್ಯಾಯಗಳನ್ನು ಬೇರೆ ಯಾವ ಲೈಬ್ರರಿಯ ಸಹಾಯವಿಲ್ಲದೆ ಒಮ್ಮೆ ಕೈಯಾರೆ ಮಾಡಿ ನೋಡಿ. ಪುಸ್ತಕವಾದರೆ ಮರ್ಲಿನ್ ವುಲ್ಫ್ ಅವರ ‘ಕಂಪ್ಯೂಟರ್ಸ್ ಆ್ಯಸ್ ಕಾಂಪೊನೆಂಟ್ಸ್’ ನಿಮ್ಮ ಪ್ರಶ್ನೆಗೆಂದೇ ಬರೆದಂತಿದೆ, ಆದರೆ ಮೋಟರ್ ಕಂಟ್ರೋಲರಿನ ಮೊದಲ ರೂಪ ಓಡಿದ ಮೇಲೆ ಓದಿ, ಆಗ ಪುಟಪುಟಕ್ಕೂ ಅರ್ಥ ಹತ್ತುತ್ತದೆ. ಎನ್‌ಪಿಟಿಇಎಲ್‌ನಲ್ಲಿ ಐಐಟಿ ಅಧ್ಯಾಪಕರ ಪಾಠಗಳು ಉಚಿತ, ಯಾವ ಪದವಿಯೂ ಬೇಕಿಲ್ಲ. ಸಿ-ಡ್ಯಾಕ್ ನಡೆಸುವ ಎಂಬೆಡೆಡ್ ಡಿಪ್ಲೊಮಾ ಒಳ್ಳೆಯದೇ, ಆದರೆ ಅದಕ್ಕೆ ಎಂಜಿನಿಯರಿಂಗ್ ಅಥವಾ ಅದಕ್ಕೆ ಸಮನಾದ ಪದವಿ ಕೇಳುತ್ತಾರೆ. ಬಿಡಿಭಾಗಗಳಿಗೆ ಬನಶಂಕರಿಯಿಂದ ಹಸಿರು ಮಾರ್ಗದ ಮೆಟ್ರೊ ಹಿಡಿದು ಚಿಕ್ಕಪೇಟೆಯಲ್ಲಿ ಇಳಿದರೆ ಎಸ್.ಪಿ. ರೋಡು ನಡೆಯುವಷ್ಟೇ ದೂರ. ಒಂದು ಬೋರ್ಡು, ಮೂರು ಫ್ಲೋಟು, ಒಂದು ಕರೆಂಟ್ ಸೆನ್ಸರಿನ ಜೊತೆಗೆ ಅಗ್ಗದ ಲಾಜಿಕ್ ಅನಲೈಸರ್ ಒಂದನ್ನು ತಪ್ಪದೆ ತನ್ನಿ. ತಂತಿಯೊಳಗೆ ನಿಜವಾಗಿ ಏನು ಹೋಗುತ್ತಿದೆ ಎಂದು ಕಣ್ಣಿಗೆ ಕಾಣದೆ ಈ ವಿದ್ಯೆ ಹತ್ತುವುದಿಲ್ಲ.

ಓಡಿತು ಎಂದಾದ ಮೇಲೆ ಕೆಡಿಸಲು ಶುರು ಮಾಡಿ. ಸೆನ್ಸರ್ ತಂತಿ ಕೀಳಿ, ಆಮೇಲೆ ಶಾರ್ಟ್ ಮಾಡಿ. ಮೋಟರ್ ಓಡುವಾಗಲೇ ಕರೆಂಟು ತೆಗೆದು ಹಾಕಿ, ಬೇರೆ ಬೇರೆ ಅಂತರದಲ್ಲಿ. ಪ್ರೋಗ್ರಾಮನ್ನು ಬೇಕೆಂದೇ ಒಂದು ಕಡೆ ಸಿಕ್ಕಿಸಿ, ವಾಚ್‌ಡಾಗ್ ಅದನ್ನು ಎಬ್ಬಿಸುತ್ತದೆಯೇ ನೋಡಿ. ಸಮಯದ ಎಣಿಕೆಯನ್ನು ತುಂಬುವ ಒಂದು ನಿಮಿಷ ಮೊದಲಿನಿಂದ ಶುರು ಮಾಡಿಸಿದರೆ ಐವತ್ತನೇ ದಿನವನ್ನು ಇವತ್ತೇ ನೋಡಬಹುದು. 230 ವೋಲ್ಟಿನ ಬದಿಯ ಎಚ್ಚರಿಕೆಯನ್ನು ನಿಮಗೆ ಹೇಳಬೇಕಾಗಿಲ್ಲ. ಈ ಪ್ರಯೋಗಗಳಿಗೆ ಮೋಟರಿನ ಜಾಗದಲ್ಲಿ ಒಂದು ಬಲ್ಬು ಸಾಕು.

ಇನ್ನು ಬಿಟಿಎಂನ ತರಬೇತಿ ಕೇಂದ್ರಗಳು. ಹೋಗಬಾರದು ಎನ್ನುವುದಿಲ್ಲ, ಜೊತೆಗಾರರು ಮತ್ತು ಒಳ್ಳೆಯ ಮೇಷ್ಟ್ರು ಸಿಕ್ಕರೆ ಒಂದು ವರ್ಷದ ಕೆಲಸ ಆರು ತಿಂಗಳಿಗೆ ಆಗುತ್ತದೆ. ಯಾವ ಬೋರ್ಡು ಎಂದು ಮಾತ್ರ ಕೇಳಬೇಡಿ. ಆಸಿಲೋಸ್ಕೋಪ್ ಕೈಗೆ ಕೊಡುತ್ತೀರಾ, ಡೇಟಾಶೀಟ್ ಓದಿಸುತ್ತೀರಾ, ಹಳೆಯ ವಿದ್ಯಾರ್ಥಿಗಳು ಮಾಡಿದ ಒಂದು ಯಂತ್ರ ತೋರಿಸಿ ಅದರ ಸೆನ್ಸರ್ ತಂತಿಯನ್ನು ನಾನು ಈಗಲೇ ಕಿತ್ತರೆ ಏನಾಗುತ್ತದೆಂದು ಹೇಳುತ್ತೀರಾ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಖುಷಿಯಿಂದ ಎದ್ದು ಬಂದು ‘ಕಿತ್ತು ನೋಡಿ’ ಎನ್ನುವವರ ಹತ್ತಿರ ಹಣ ಕಟ್ಟಿ.